ಹುಣ್ಣು ಮತ್ತೆ ಮತ್ತೆ ಬರುತ್ತಿದೆಯೇ? ಮಾತ್ರೆಯ ಡಬ್ಬಿ ನೋಡಿ

ದಾದರ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿದು, ಹೋಟೆಲಿನಲ್ಲೋ ಆಫೀಸಿನಲ್ಲೋ ದಿನವಿಡೀ ದುಡಿದು, ರಾತ್ರಿ ಡೊಂಬಿವಲಿಯ ಮನೆ ಸೇರುವಷ್ಟರಲ್ಲಿ ಮಂಡಿ, ಸೊಂಟ ಎರಡೂ ಹಿಡಿದುಕೊಂಡಿರುತ್ತವೆ. ದಾರಿಯಲ್ಲಿನ ಮೆಡಿಕಲ್‌ನಲ್ಲಿ ಕೇಳಿದರೆ ನೋವಿನ ಮಾತ್ರೆ ಕೊಡುತ್ತಾರೆ. ನೋವು ಹೋಗುತ್ತದೆ. ಕೆಲವು ತಿಂಗಳಲ್ಲಿ ಹೊಟ್ಟೆ ಉರಿಯತೊಡಗುತ್ತದೆ. ವಡಾಪಾವ್, ಖಾರದ ಚಟ್ನಿ, ಹೊತ್ತು ತಪ್ಪಿದ ಊಟವನ್ನು ದೂರಿ ಸುಮ್ಮನಾಗುತ್ತೇವೆ.

ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣುತ್ತದೆ, ಬ್ಯಾಕ್ಟೀರಿಯಾ ಸಿಗುವುದಿಲ್ಲ. ಔಷಧಿಗೆ ಹುಣ್ಣು ಮಾಯುತ್ತದೆ, ಮರುವರ್ಷ ಮತ್ತೆ ಹಾಜರ್!

1982ರಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳಕಿಗೆ ತಂದರು. ಅದಕ್ಕೆ 2005ರಲ್ಲಿ ನೊಬೆಲ್ ಬಂತು. ಅದೇ ಕಾರಣವಾಗಿದ್ದರೆ ಆಂಟಿಬಯೋಟಿಕ್ ಕೋರ್ಸ್ ಸಾಮಾನ್ಯವಾಗಿ ಹುಣ್ಣಿಗೆ ಮುಕ್ತಾಯ ಹಾಡುತ್ತದೆ. ಅದು ಇಲ್ಲದಿದ್ದರೆ ಮೊದಲ ಅನುಮಾನ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳ ಮೇಲೆ.

ನಮ್ಮ ಜಠರ ತನ್ನದೇ ಆಮ್ಲದಿಂದ ಸುಟ್ಟುಹೋಗದಂತೆ ಒಳಗೆ ಲೋಳೆಯ ಪದರವಿದೆ. ಅದನ್ನು ಕಾಯುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಈ ಮಾತ್ರೆಗಳು ಅದರ ಉತ್ಪಾದನೆಯನ್ನೇ ತಡೆಯುತ್ತವೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿದರು. ನೋವು ತಗ್ಗುವುದೂ ಅದರಿಂದಲೇ, ಹೊಟ್ಟೆಯ ರಕ್ಷಣೆ ಕಳಚುವುದೂ ಅದರಿಂದಲೇ. ಔಷಧಿ ರಕ್ತದ ಮೂಲಕವೂ ಕೆಲಸ ಮಾಡುವುದರಿಂದ "ಊಟದ ಮೇಲೆ ತಗೊಂಡಿದ್ದೇನೆ", "ಇಂಜೆಕ್ಷನ್ ತಾನೇ" ಎಂಬ ಸಮಾಧಾನ ಸಾಲದು.

ಹಾಗಾದರೆ ಏನು ಮಾಡಬೇಕು? ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ತಲೆನೋವಿನದು, ನೆಗಡಿಯದು, ಲೇಬಲ್ ಇಲ್ಲದ ಮಂಡಿನೋವಿನ ಪುಡಿ, ಯಾವುದನ್ನೂ ಬಿಡಬೇಡಿ. ಬ್ಯಾಕ್ಟೀರಿಯಾ ಪರೀಕ್ಷೆಯ ಸಮಯದಲ್ಲಿ ಪ್ಯಾಂಟೊಪ್ರಜೋಲ್‌ನಂಥ ಆಸಿಡಿಟಿ ಮಾತ್ರೆ ಅಥವಾ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದಿರಾ ಎಂಬುದನ್ನೂ ತಿಳಿಸಿ. ಅವುಗಳಿಂದ ಇರುವ ಬ್ಯಾಕ್ಟೀರಿಯಾವೂ ಪರೀಕ್ಷೆಯ ಕಣ್ಣು ತಪ್ಪಿಸಬಹುದು. ಬೀಡಿ ಸಿಗರೇಟು ಬಿಡಿ, ಅವು ಹುಣ್ಣು ಮಾಯಲು ಬಿಡುವುದಿಲ್ಲ.

ಹೃದಯಕ್ಕೆಂದು ಡಾಕ್ಟರು ಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಅದರ ಜೊತೆಗೆ ಹೊಟ್ಟೆ ಕಾಯುವ ಮಾತ್ರೆಯನ್ನು ಅವರೇ ಸೇರಿಸುತ್ತಾರೆ. ಬ್ಯಾಕ್ಟೀರಿಯಾವೂ ಇಲ್ಲ, ಮಾತ್ರೆಯೂ ಇಲ್ಲ ಎಂಬ ಹುಣ್ಣುಗಳೂ ಇವೆ. ಅಪರೂಪಕ್ಕೆ ಆಮ್ಲ ಹೆಚ್ಚಿಸುವ ಗಡ್ಡೆ, ಕೆಲವೊಮ್ಮೆ ಕ್ಯಾನ್ಸರ್ ಕಾರಣವಾಗಿರಬಹುದು. ಹಾಗಾಗಿ ಜಠರದ ಹುಣ್ಣು ಮಾಯಿತೇ ಎಂದು ನೋಡಲು ಡಾಕ್ಟರು ಮತ್ತೊಮ್ಮೆ ಎಂಡೋಸ್ಕೋಪಿ ಹೇಳಿದರೆ ತಪ್ಪಿಸಬೇಡಿ. ಕಾರಣವೇ ಸಿಗದಿದ್ದರೆ ಆಮ್ಲ ತಗ್ಗಿಸುವ ಮಾತ್ರೆ ದೀರ್ಘಕಾಲ ಬೇಕಾದೀತು.

ವಯಸ್ಸಾದವರಲ್ಲಿ ಹೊಟ್ಟೆನೋವೇ ಇಲ್ಲದೆ ಹುಣ್ಣು ಒಳಗೊಳಗೇ ರಕ್ತ ಸುರಿಸಬಹುದು. ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ, ತಲೆ ಸುತ್ತಿ ಬೀಳುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡುವಾಗ "ಊಟ ಆಯ್ತಾ?" ಎಂದು ಕೇಳುತ್ತೀರಲ್ಲ? ಇವತ್ತು "ಮಂಡಿನೋವಿಗೆ ಯಾವ ಮಾತ್ರೆ ತಗೊಳ್ತಿದ್ದೀರಿ?" ಎಂದೂ ಕೇಳಿ.