ಶ್ವಾಸಕೋಶಜ್ವರದ ನಿದಾನವೂ ಚಿಕಿತ್ಸೆಯೂ

ಕಪಿಲಾತೀರದ ನಂಜನಗೂಡಿನ ಶ್ರೀಕಂಠೇಶ್ವರನು ರೋಗಹರನೆಂದು ಭಕ್ತರು ನಂಬುವರು. ಟಿಪ್ಪುಸುಲ್ತಾನನು ಅವನನ್ನು ‘ಹಕೀಮ್ ನಂಜುಂಡ’ನೆಂದು ಕರೆದನೆಂಬ ಐತಿಹ್ಯವೂ ಪ್ರಸಿದ್ಧವಾಗಿದೆ. ಹರಕೆಯು ಮನಸ್ಸಿಗೆ ಧೈರ್ಯವನ್ನೀಯುವುದು ದಿಟ. ಆದರೆ ನ್ಯುಮೋನಿಯಾ ಎಂಬ ಶ್ವಾಸಕೋಶಜ್ವರದಲ್ಲಿ ಒಂದು ದಿನದ ವಿಳಂಬವೂ ಪ್ರಾಣಾಪಾಯಕರವಾಗಬಹುದು. ಆದುದರಿಂದ ಈ ಕ್ಷೇತ್ರದಿಂದ ಕಾವೇರೀಕಪಿಲಾಸಂಗಮದ ತಿರುಮಕೂಡಲು ನರಸೀಪುರದವರೆಗಿನ ಗ್ರಾಮಸ್ಥರು, ಮನೆಯಲ್ಲಿರುವಾಗಲೇ ತಗಲುವ ಈ ವ್ಯಾಧಿಯನ್ನು ಗುರುತಿಸುವ ಕ್ರಮವನ್ನು ಅರಿತಿರುವುದು ಅವಶ್ಯಕ.

ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದರಿಂದ ರೋಗವನ್ನು ನಿಶ್ಚಯಿಸಬೇಕೆಂಬುದು ಆಯುರ್ವೇದದ ಮತ. ಈ ಕ್ರಮವು ಇಂದಿನ ವೈದ್ಯಕ್ಕೂ ಹೊಂದುವುದು. ವ್ಯಾಧಿಯ ಪ್ರಧಾನ ಹೇತುವಾದ ನ್ಯುಮೋಕಾಕಸ್ ಎಂಬ ಸೂಕ್ಷ್ಮಾಣುವನ್ನು ಪಾಶ್ಚರ್, ಸ್ಟರ್ನ್‌ಬರ್ಗ್ ಎಂಬ ಪಂಡಿತರು ೧೮೮೧ರಲ್ಲಿ ಪ್ರತ್ಯೇಕವಾಗಿ ಕಂಡುಹಿಡಿದರು. ಇತರ ಸೂಕ್ಷ್ಮಾಣುಗಳೂ ವೈರಸ್ಸುಗಳೂ ಹೇತುಗಳಾಗುವುವು. ಶ್ವಾಸಕೋಶದ ಗಾಳಿಗೂಡುಗಳಲ್ಲಿ ದ್ರವವೂ ಕೀವೂ ತುಂಬಿ, ರಕ್ತಕ್ಕೆ ಆಮ್ಲಜನಕವು ಸಾಲದೆ ಉಸಿರು ತ್ವರಿತವಾಗುವುದೇ ಸಂಪ್ರಾಪ್ತಿ.

ಜ್ವರ, ಕೆಮ್ಮು, ಕಫ, ಉಸಿರೆಳೆದಾಗ ಪಾರ್ಶ್ವಶೂಲ, ಇವು ರೂಪಗಳು. ಆದರೆ ಶಿಶುವಿನಲ್ಲಿ ಉಸಿರನ್ನು ಎಣಿಸುವುದೇ ಮೊದಲ ಪರೀಕ್ಷೆ. ಮಗುವು ಅಳದೆ ಶಾಂತವಾಗಿರುವಾಗ ಪೂರ್ಣ ಒಂದು ನಿಮಿಷ ಎಣಿಸತಕ್ಕದ್ದು. ಎರಡು ತಿಂಗಳೊಳಗಿನ ಕೂಸಿಗೆ ೬೦, ಒಂದು ವರ್ಷದೊಳಗಿನದಕ್ಕೆ ೫೦, ಐದು ವರ್ಷದೊಳಗಿನದಕ್ಕೆ ೪೦, ಈ ಸಂಖ್ಯೆ ಮುಟ್ಟಿದರೆ ಅಥವಾ ಮೀರಿದರೆ ಶಂಕಿಸಬೇಕು. ಉಸಿರೆಳೆದಾಗ ಎದೆಯ ಕೆಳಭಾಗವು ಒಳಸೇದಿದರೆ ತಡಮಾಡಬಾರದು. ವಯಸ್ಕರಲ್ಲಿ ೩೦ ಮುಟ್ಟಿದರೆ ಅದು ತೀವ್ರತೆಯ ಚಿಹ್ನೆ. ವೃದ್ಧರಲ್ಲಿ ಜ್ವರವೇ ಇಲ್ಲದೆ ಬುದ್ಧಿಭ್ರಮೆಯು ಮಾತ್ರ ತೋರಬಹುದು. ಎದೆಯ ಧ್ವನಿಪರೀಕ್ಷೆ, ಎಕ್ಸರೇ ಚಿತ್ರ, ರಕ್ತದ ಆಮ್ಲಜನಕದ ಅಳತೆಗಳಿಂದ ವೈದ್ಯನು ನಿಶ್ಚಯಿಸುವನು. ಕೆಮ್ಮು ಎರಡು ವಾರಕ್ಕೆ ಮೀರಿದರೆ ಕ್ಷಯವನ್ನು ಶಂಕಿಸಿ ಕಫಪರೀಕ್ಷೆ ಮಾಡಿಸಬೇಕು.

ಸೂಕ್ಷ್ಮಾಣುಜನ್ಯವಾದ ಸೌಮ್ಯರೋಗಕ್ಕೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಔಷಧವನ್ನು ವೈದ್ಯರು ಕೊಡುವರು. ಅವರು ವಿಧಿಸಿದಷ್ಟು ದಿನ ಸೇವಿಸತಕ್ಕದ್ದು. ನಡುವೆ ಬಿಡಕೂಡದು, ಅಂಗಡಿಯಿಂದ ತಾನೇ ಕೊಳ್ಳಲೂಕೂಡದು. ವೈರಸ್ಸಿಗೆ ಇದು ಫಲಿಸದು. ತೀವ್ರರೋಗಿಗೆ ಆಸ್ಪತ್ರೆಯಲ್ಲಿ ಆಮ್ಲಜನಕವೂ ಸೂಜಿಮದ್ದೂ ಬೇಕು. ಕಷಾಯವು ಇವುಗಳ ಸ್ಥಾನವನ್ನು ತುಂಬಲಾರದು.

ಉಪಶಯವೆಂದರೆ ಔಷಧಾದಿಗಳಿಂದಾಗುವ ಶಮನವನ್ನು ನೋಡಿ ರೋಗವನ್ನು ತಿಳಿಯುವುದು. ಇಲ್ಲಿಯೂ ಎರಡು ಮೂರು ದಿನಗಳಲ್ಲಿ ಜ್ವರವೂ ಉಸಿರಿನ ವೇಗವೂ ಇಳಿಯಬೇಕು. ಇಳಿಯದಿದ್ದರೆ ಹೇತು ಬೇರೆಯೇ, ಎದೆಗೂಡಿನಲ್ಲಿ ಕೀವು ಸೇರಿದೆಯೇ, ಕ್ಷಯವೇ ಎಂದು ಮರುಪರೀಕ್ಷೆ ಮಾಡಿಸತಕ್ಕದ್ದು.

ಶಿಶುಗಳಿಗೆ ನ್ಯುಮೋಕಾಕಸ್ ಲಸಿಕೆಯನ್ನು ಸರ್ಕಾರವು ೨೦೨೧ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು, ಅದನ್ನು ತಪ್ಪಿಸಬಾರದು. ಒಲೆಯ ಹೊಗೆಯನ್ನೂ ಬೀಡಿಯ ಹೊಗೆಯನ್ನೂ ಮಕ್ಕಳಿಂದ ದೂರವಿಡಬೇಕು. ಮಗು ಹಾಲು ಕುಡಿಯದಿದ್ದರೆ, ತುಟಿ ನೀಲಿಗಟ್ಟಿದರೆ, ಎಚ್ಚರಿಸಿದರೂ ಏಳದಿದ್ದರೆ ಬೆಳಗಾಗಲೆಂದು ಕಾಯದೆ ತಾಲ್ಲೂಕು ಆಸ್ಪತ್ರೆಗೆ ಒಯ್ಯತಕ್ಕದ್ದು.