ಸಾಮಾನ್ಯ ಸೈಕಲ್ಲಿಗೆ ವಿದ್ಯುತ್ ಮೋಟರ್: ಕಿಟ್ ಕೊಳ್ಳುವ ಮುನ್ನ ತಿಳಿಯಬೇಕಾದ ಅಂಶಗಳು

ಹಾಲನ್ನು ಡೇರಿಗೆ ಒಯ್ಯಲು, ತೋಟಕ್ಕೆ ನೀರು ಬಿಡಲು, ಸೊಸೈಟಿಯಿಂದ ಸಣ್ಣಪುಟ್ಟ ಸಾಮಾನು ತರಲು ಸೈಕಲ್ಲು ರೈತನ ಬಹುಕಾಲದ ಒಡನಾಡಿ. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಇಂತಹ ಸೈಕಲ್ಲಿಗೆ ಮೋಟರ್ ಮತ್ತು ಬ್ಯಾಟರಿ ಜೋಡಿಸುವ ಕಿಟ್‌ಗಳು ಈಗ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿ ಕಡೆಯ ನಾಲಾ ಏರಿಯ ಸಮತಟ್ಟು ದಾರಿಗಳಿಗೆ ಇವು ಚೆನ್ನಾಗಿ ಒಗ್ಗುತ್ತವೆ. ಜಗಳೂರಿನ ಬಯಲಿನಲ್ಲಿ ಆಷಾಢದ ಎದುರುಗಾಳಿಗೆ ಪೆಡಲ್ ತುಳಿದು ಬಳಲಿದವರಿಗೂ ಇದರಿಂದ ಅನುಕೂಲವಿದೆ. ಆದರೆ ಎಲ್ಲ ಸೈಕಲ್ಲಿಗೂ ಎಲ್ಲ ಕಿಟ್ ಕೂಡುವುದಿಲ್ಲ. ಎಲ್ಲ ಮನೆಗೂ ಇದು ಲಾಭದಾಯಕವೂ ಅಲ್ಲ. ಹಣ ಹಾಕುವ ಮೊದಲು ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

ಕಿಟ್‌ನಲ್ಲಿ ಏನಿರುತ್ತದೆ?

ಬ್ಯಾಟರಿ ಸೈಕಲ್ಲಿನ ವಿಚಾರ ಹೊಸದೇನಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬುವರು ಹಿಂದಿನ ಚಕ್ರದ ನಡುವೆಯೇ ಮೋಟರ್ ಇರುವ ಸೈಕಲ್ಲಿಗೆ 1895ರಲ್ಲಿ ಪೇಟೆಂಟ್ ಪಡೆದಿದ್ದರು. ಹಗುರವಾದ ಲಿಥಿಯಂ ಬ್ಯಾಟರಿಗಳು ಬಂದ ಮೇಲೆ ಈ ವಿಚಾರ ದಿನಬಳಕೆಗೆ ಇಳಿಯಿತು. ಸಾಮಾನ್ಯ ಕಿಟ್‌ನಲ್ಲಿ 250 ವ್ಯಾಟ್ ಮೋಟರ್, ಬ್ಯಾಟರಿ, ಚಾರ್ಜರ್, ವಿದ್ಯುತ್ ಹರಿವನ್ನು ಹದ್ದಿನಲ್ಲಿಡುವ ಕಂಟ್ರೋಲರ್, ಪೆಡಲ್ ತುಳಿತವನ್ನು ಗ್ರಹಿಸುವ ಸೆನ್ಸರ್ ಮತ್ತು ಬ್ರೇಕ್ ಹಿಡಿದೊಡನೆ ಮೋಟರನ್ನು ನಿಲ್ಲಿಸುವ ಬ್ರೇಕ್ ಹಿಡಿಗಳು ಇರುತ್ತವೆ.

ಮೋಟರುಗಳಲ್ಲಿ ಎರಡು ಬಗೆ. ಒಂದು, ಚಕ್ರದ ಹಬ್ಬಿನೊಳಗೇ ಇರುವ ಹಬ್ ಮೋಟರ್. ಇನ್ನೊಂದು, ಚೌಕಟ್ಟಿಗೆ ಬಿಗಿದು ಬೇರೊಂದು ಚೈನಿನಿಂದ ಹಿಂದಿನ ಚಕ್ರವನ್ನು ತಿರುಗಿಸುವ ಮೋಟರ್. ಹಬ್ ಮೋಟರಿಗೆ ಚೈನಿನ ರಗಳೆ ಇಲ್ಲ. ಚೈನ್ ಮೋಟರಿನಲ್ಲಿ ಸೈಕಲ್ಲಿನ ಹಳೆಯ ರಿಮ್ಮನ್ನೇ ಉಳಿಸಿಕೊಳ್ಳಬಹುದು. ಆದರೆ ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಹಲ್ಲುಗಳು ಬೇಗ ಸವೆಯುತ್ತವೆ.

ಯಾವ ಸೈಕಲ್ಲು ಸೂಕ್ತ?

ಸುಲಭವಾಗಿ ಒಗ್ಗುವುದು 26 ಇಂಚಿನ ಚಕ್ರ ಮತ್ತು ವೈರ್ ಬ್ರೇಕ್ ಇರುವ ಸೈಕಲ್ಲು. ಹಳೆಯ ಕಪ್ಪು ದೊಡ್ಡ ಸೈಕಲ್ಲಿನ ಚೌಕಟ್ಟು ಗಟ್ಟಿ, ನಿಜ. ಆದರೆ ಅದರಲ್ಲಿ ಮೂರು ತೊಡಕುಗಳಿವೆ.

1. ಸ್ಪೋಕ್ ಕಡ್ಡಿಗಳ ಲೆಕ್ಕ: ಹಬ್ ಮೋಟರಿನಲ್ಲಿ ಸಾಮಾನ್ಯವಾಗಿ 36 ಕಡ್ಡಿಗಳಿಗೆ ತೂತು ಇರುತ್ತದೆ. ಹಳೆಯ ದೊಡ್ಡ ಸೈಕಲ್ಲಿನ ಮುಂದಿನ ರಿಮ್ಮಿನಲ್ಲಿ 32, ಹಿಂದಿನದರಲ್ಲಿ 40 ಕಡ್ಡಿ ಇರುತ್ತವೆ. ಆದ್ದರಿಂದ ಹಳೆಯ ರಿಮ್ಮಿಗೆ ಮೋಟರನ್ನು ಹೆಣೆಯಲು ಬರುವುದಿಲ್ಲ. ಬೇರೆ ರಿಮ್ಮೇ ಬೇಕು.

2. ರಾಡ್ ಬ್ರೇಕ್: ಇದು ರಿಮ್ಮಿನ ಒಳಮೈಯನ್ನು ಒತ್ತಿ ನಿಲ್ಲಿಸುವ ಬ್ರೇಕ್. ಕಿಟ್‌ನೊಡನೆ ಬರುವ ರಿಮ್ಮಿಗೆ ಇದು ಸರಿಯಾಗಿ ಹಿಡಿಯುವುದಿಲ್ಲ. ಕಿಟ್‌ನ ಬ್ರೇಕ್ ಹಿಡಿಗಳೂ ರಾಡಿಗೆ ಕೂಡುವುದಿಲ್ಲ. ಚೈನ್ ಮೋಟರ್ ಹಾಕಿ ರಾಡ್ ಬ್ರೇಕನ್ನೇ ಉಳಿಸಿಕೊಳ್ಳುವುದಾದರೆ, ರಾಡ್ ಎಳೆದೊಡನೆ ಮೋಟರ್ ನಿಲ್ಲಿಸುವ ಸಣ್ಣ ಸ್ವಿಚ್ಚನ್ನು ಬೇರೆಯಾಗಿ ಹಾಕಿಸಬೇಕು.

3. ಅಚ್ಚಿನ ಗಾತ್ರ: ಮೋಟರಿನ ಅಚ್ಚು ಸಾಮಾನ್ಯ ಅಚ್ಚಿಗಿಂತ ದಪ್ಪ. ಅದರ ಎರಡು ಬದಿ ಚಪ್ಪಟೆಯಾಗಿದ್ದು, ಅಲ್ಲಿ ಸುಮಾರು 10 ಮಿ.ಮೀ. ಅಗಲವಿರುತ್ತದೆ. ಫೋರ್ಕಿನ ಕಚ್ಚು ಕಿರಿದಾಗಿದ್ದರೆ ಅರದಿಂದ ಉಜ್ಜಬೇಕಾಗುತ್ತದೆ. ಹೆಚ್ಚು ಉಜ್ಜಿದರೆ ಫೋರ್ಕಿನ ಬಲ ಕುಂದುತ್ತದೆ.

ಫೋರ್ಕಿನಲ್ಲಿ ಬಿರುಕು, ತುಕ್ಕು ಅಥವಾ ಬೆಸುಗೆ ಹಾಕಿದ ಗುರುತು ಇದ್ದರೆ ಅಂತಹ ಸೈಕಲ್ಲಿಗೆ ಮೋಟರ್ ಹಾಕಲೇಬಾರದು. ಎರಡೂ ಬ್ರೇಕ್ ಸರಿಯಿಲ್ಲದ ಸೈಕಲ್ಲಿಗೂ ಇದೇ ಮಾತು. ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೇಗೋ ನಡೆಯುತ್ತಿದ್ದ ಬ್ರೇಕ್, 25 ಕಿ.ಮೀ. ವೇಗದಲ್ಲಿ ಹಾಲಿನ ಕ್ಯಾನಿನ ಭಾರದೊಡನೆ ನಡೆಯುವುದಿಲ್ಲ.

ಅಳವಡಿಸುವ ಕ್ರಮ

ಕೆಲಸವನ್ನು ಅನುಭವವಿರುವ ಸೈಕಲ್ ಮೆಕ್ಯಾನಿಕ್ ಮತ್ತು ವೈರಿಂಗ್ ಬಲ್ಲವರಿಂದ ಮಾಡಿಸುವುದು ಲೇಸು. ಮಾಡಿಸುವಾಗ ರೈತರು ಎದುರಿಗಿದ್ದು ಈ ಕೆಳಗಿನವನ್ನು ನೋಡಿಕೊಳ್ಳಬೇಕು.

1. ಮೊದಲು ಬ್ರೇಕ್ ರಬ್ಬರ್, ಬೇರಿಂಗು ಮತ್ತು ಟೈರುಗಳನ್ನು ಸರಿಪಡಿಸಿ, ಚಕ್ರದ ಬೆಂಡು ತೆಗೆಯಬೇಕು.

2. ಹಬ್ ಮೋಟರಿನ ಅಚ್ಚು ಕಚ್ಚಿನ ತಳಕ್ಕೆ ಪೂರ್ತಿ ಕೂರಬೇಕು. ಮೋಟರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚು ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯಲು ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಫೋರ್ಕಿಗೆ ಬಿಗಿಯಬೇಕು. ಇದಿಲ್ಲದಿದ್ದರೆ ಅಚ್ಚು ಜಾರಿ, ತಂತಿ ಹರಿದು, ಓಡುತ್ತಿರುವಾಗಲೇ ಚಕ್ರ ಕಳಚಬಹುದು.

3. ಬ್ಯಾಟರಿಯನ್ನು ಚೌಕಟ್ಟಿನ ನಡುವೆ, ಆದಷ್ಟು ಕೆಳಗೆ ಕೂರಿಸಬೇಕು. ಅಡ್ಡಕಂಬಿ ಇಲ್ಲದ ಸೈಕಲ್ಲಿನಲ್ಲಿ ಕ್ಯಾರಿಯರ್ ಮೇಲೆ ಪೆಟ್ಟಿಗೆ ಮಾಡಿ ಬಿಗಿಯಬೇಕು.

4. ಬ್ಯಾಟರಿಯ ಧನ ತಂತಿಗೆ, ಬ್ಯಾಟರಿಯ ಹತ್ತಿರವೇ, ಕಂಟ್ರೋಲರ್ ತಯಾರಕರು ಸೂಚಿಸಿದ ಫ್ಯೂಸ್ ಹಾಕಬೇಕು. ಫ್ಯೂಸ್ ಹೋದಾಗ ತಾಮ್ರದ ಎಳೆ ಸುತ್ತಬಾರದು.

5. ಕಂಟ್ರೋಲರಿನ ತಂತಿಗಳು ಕೆಳಮುಖವಾಗಿ ಇಳಿಯುವಂತಿರಬೇಕು. ಆಗ ಮಳೆನೀರು ತಂತಿಗುಂಟ ಒಳಗೆ ಹೋಗುವುದಿಲ್ಲ.

6. ಬ್ಯಾಟರಿಯ ಜೋಡಣೆ ಎಲ್ಲಕ್ಕಿಂತ ಕೊನೆಯ ಕೆಲಸ. ಚಕ್ರವನ್ನು ಎತ್ತಿ ನಿಲ್ಲಿಸಿ ಮೋಟರ್ ಓಡಿಸಿ, ಎರಡೂ ಬ್ರೇಕ್ ಹಿಡಿದಾಗ ಅದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದ ನಂತರವೇ ರಸ್ತೆಗೆ ಇಳಿಸಬೇಕು. ಮೊದಲ 50 ಕಿ.ಮೀ. ಆದ ಮೇಲೆ ನಟ್ಟುಗಳನ್ನೂ ಕಡ್ಡಿಗಳನ್ನೂ ಮತ್ತೊಮ್ಮೆ ಬಿಗಿ ಮಾಡಿಸಬೇಕು.

ಬ್ಯಾಟರಿಯ ಆಯ್ಕೆ ಮತ್ತು ಪಾಲನೆ

ಕಿಟ್‌ನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. 36 ವೋಲ್ಟ್, 10 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ 360 ವ್ಯಾಟ್-ಗಂಟೆ ವಿದ್ಯುತ್ ಹಿಡಿಯುತ್ತದೆ. ಸಣ್ಣ ಹೊರೆಯೊಡನೆ ಹಳ್ಳಿ ರಸ್ತೆಯಲ್ಲಿ ಪೂರ್ತಿ ಮೋಟರಿನಿಂದಲೇ ಹೋದರೆ ಕಿಲೋಮೀಟರಿಗೆ ಸುಮಾರು 12 ವ್ಯಾಟ್-ಗಂಟೆ ಬೇಕು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ 24 ಕಿ.ಮೀ. ಹೋಗಬಹುದು. ಜೊತೆಗೆ ಪೆಡಲ್ ತುಳಿದರೆ 35 ಕಿ.ಮೀ. ದಾಟುತ್ತದೆ. ಸೀಸದ ಬ್ಯಾಟರಿ ಅಗ್ಗ. ಆದರೆ ಇದೇ ಕೆಲಸಕ್ಕೆ ನಾಲ್ಕು ಪಟ್ಟು ಭಾರ, ಆಯುಷ್ಯವೂ ಕಡಿಮೆ.

ಬ್ಯಾಟರಿಯೊಡನೆ ಬಂದ ಚಾರ್ಜರನ್ನೇ ಬಳಸಬೇಕು. ಲಿಥಿಯಂ ಬ್ಯಾಟರಿಗಳಲ್ಲಿಯೇ ಬಗೆಗಳಿದ್ದು, 36 ವೋಲ್ಟ್ ಎಂದು ಬರೆದಿದ್ದರೂ ತುಂಬುವ ವೋಲ್ಟೇಜ್ ಬೇರೆಬೇರೆ ಇರುತ್ತದೆ. ಬಿಸಿಲಿನಲ್ಲಿ ಓಡಿಸಿ ತಂದ ಬ್ಯಾಟರಿಯನ್ನು ತಣಿಯಲು ಬಿಟ್ಟು ಆಮೇಲೆ ಚಾರ್ಜ್ ಮಾಡಬೇಕು. ಹುಲ್ಲಿನ ಬಣವೆ, ಗೋಣಿಚೀಲ, ಹತ್ತಿ ಇರುವ ಕಡೆ ಹಾಗೂ ಮನೆಯವರು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಬಾರದು. ಪಂಪ್‌ಸೆಟ್ಟಿನ ಸ್ಟಾರ್ಟರಿನಿಂದ ತಂತಿ ಎಳೆದು ಚಾರ್ಜ್ ಮಾಡುವುದು ಪ್ರಾಣಾಪಾಯಕ್ಕೆ ದಾರಿ. ಉಬ್ಬಿದ, ನೀರಿನಲ್ಲಿ ಮುಳುಗಿದ ಅಥವಾ ಬಿದ್ದು ಜಜ್ಜಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಕೂಡದು. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಮಾರಿದವರಿಗೇ ಹಿಂದಿರುಗಿಸಬೇಕು. ಅದನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ.

ಲಾಭ–ನಷ್ಟದ ಲೆಕ್ಕ

ಡೇರಿ 3 ಕಿ.ಮೀ. ದೂರವಿದ್ದು, ದಿನಕ್ಕೆ ಎರಡು ಬಾರಿ ಹಾಲು ಹಾಕಿ ಬರುವ ರೈತರನ್ನು ತೆಗೆದುಕೊಳ್ಳೋಣ. ದಿನಕ್ಕೆ 12 ಕಿ.ಮೀ., ತಿಂಗಳಿಗೆ 360 ಕಿ.ಮೀ. ಆಗುತ್ತದೆ. ಚಾರ್ಜರಿನಲ್ಲಿ ನಷ್ಟವಾಗುವುದನ್ನೂ ಸೇರಿಸಿದರೆ ಸುಮಾರು 5 ಯೂನಿಟ್ ವಿದ್ಯುತ್ ಬೇಕು. ಯೂನಿಟ್ಟಿಗೆ ರೂ. 7 ಎಂದು ಹಿಡಿದರೆ ತಿಂಗಳಿಗೆ ರೂ. 35. ಲೀಟರಿಗೆ 50 ಕಿ.ಮೀ. ಕೊಡುವ ಮೊಪೆಡ್‌ನಲ್ಲಿ ಇದೇ ಓಡಾಟಕ್ಕೆ 7.2 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ರೂ. 100ರಂತೆ ಇದು ರೂ. 720 ಆಗುತ್ತದೆ. ಉಳಿತಾಯ ರೂ. 685. ಕಿಟ್‌ಗೆ ರೂ. 20,000 ಆಯಿತೆಂದರೆ 29 ತಿಂಗಳಲ್ಲಿ ಹಾಕಿದ ಹಣ ಹಿಂದಕ್ಕೆ ಬರುತ್ತದೆ. ಅಷ್ಟರಲ್ಲಿ ಬ್ಯಾಟರಿಯೂ ಬಹಳಷ್ಟು ಸವೆದಿರುತ್ತದೆ. ಆದ್ದರಿಂದ ಮುಂದಿನ ಬ್ಯಾಟರಿಗಾಗಿ ತಿಂಗಳಿಗೆ ರೂ. 300ರಷ್ಟು ತೆಗೆದಿಡುವುದು ಅವಶ್ಯ.

ಅದೇ ದಿನಕ್ಕೆ 4 ಕಿ.ಮೀ. ಮಾತ್ರ ಓಡಾಡುವವರಿಗೆ ಹಣ ಹಿಂದಕ್ಕೆ ಬರಲು ಏಳು ವರ್ಷ ದಾಟುತ್ತದೆ. ಅದಕ್ಕೂ ಮೊದಲೇ ಬ್ಯಾಟರಿ ಮುಗಿದಿರುತ್ತದೆ. ಇಂತಹವರು ಹಣ ಹಾಕದಿರುವುದೇ ಲೇಸು. ಈಗ ಪೆಡಲ್ ತುಳಿದೇ ಹೋಗುವವರಿಗೆ ಹಣದ ಉಳಿತಾಯವಿಲ್ಲ. ಸಮಯ ಮತ್ತು ಶ್ರಮದ ಉಳಿತಾಯವಿದೆ. ಗಂಟೆಗೆ 10 ಕಿ.ಮೀ.ಗೆ ಬದಲು 20 ಕಿ.ಮೀ. ವೇಗದಲ್ಲಿ ಹೋದರೆ ಮೇಲಿನ 12 ಕಿ.ಮೀ. ಓಡಾಟದಲ್ಲಿ ದಿನಕ್ಕೆ 36 ನಿಮಿಷ ಉಳಿಯುತ್ತದೆ. ಮೊಣಕಾಲು ನೋವಿರುವವರಿಗೂ, ಹಾಲು ಹಾಕುವ ಹೊಣೆ ಹೊತ್ತ ಮಹಿಳೆಯರಿಗೂ ಇದು ಸಣ್ಣ ಲಾಭವಲ್ಲ.

ಭಾರ ಮತ್ತು ಏರು

ಸವಾರ, ಸೈಕಲ್ಲು, ಹೊರೆ ಸೇರಿ 120 ಕಿ.ಗ್ರಾಂ. ಇದ್ದರೆ, 20 ಅಡಿಗೆ 1 ಅಡಿ ಏರುವ ದಾರಿಯಲ್ಲಿ ಗಂಟೆಗೆ 12 ಕಿ.ಮೀ. ಹೋಗಲು 250 ವ್ಯಾಟ್ ಮೋಟರಿನ ಬಹುಪಾಲು ಶಕ್ತಿ ಬೇಕಾಗುತ್ತದೆ. ಅದಕ್ಕಿಂತ ಕಡಿದಾದ ಏರಿನಲ್ಲಿ ಪೆಡಲ್ ತುಳಿಯಲೇಬೇಕು. ಮೆಕ್ಕೆಜೋಳ, ಅಡಿಕೆ ಮೂಟೆಗಳನ್ನು ಹೇರುವ ವಾಹನ ಇದಲ್ಲ. ಈ ಮೋಟರನ್ನು ಸೈಕಲ್ ಎಡೆಕುಂಟೆಗೆ ಕಟ್ಟುವ ಪ್ರಯತ್ನವೂ ಬೇಡ. ನಿಧಾನ ವೇಗದಲ್ಲಿ ಭಾರ ಎಳೆದರೆ ಮೋಟರಿನ ಸುರುಳಿ ಕಾದು ಸುಡುತ್ತದೆ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 2(ಯು) ಪ್ರಕಾರ, ಪೆಡಲ್ ನೆರವಿನ ಸೈಕಲ್ಲನ್ನು ಮೋಟಾರು ವಾಹನವೆಂದು ಪರಿಗಣಿಸದಿರಲು ಕೆಲವು ಷರತ್ತುಗಳಿವೆ. ಮೋಟರಿನ ಶಕ್ತಿ 0.25 ಕಿಲೋವ್ಯಾಟಿನ ಮಿತಿಯೊಳಗಿರಬೇಕು. ವೇಗ 25 ಕಿ.ಮೀ. ಮುಟ್ಟಿದಾಗ ಅಥವಾ ತುಳಿಯುವುದನ್ನು ನಿಲ್ಲಿಸಿದಾಗ ಮೋಟರ್ ನಿಲ್ಲಬೇಕು. ತಕ್ಕ ಬ್ರೇಕುಗಳು, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಇದನ್ನು ಅಧಿಕೃತ ಪರೀಕ್ಷಾ ಸಂಸ್ಥೆ ದೃಢೀಕರಿಸಿರಬೇಕು. ಹೀಗಾಗಿ ಮಾರಾಟಗಾರರಿಂದ ಪ್ರಮಾಣಪತ್ರದ ಪ್ರತಿ ಮತ್ತು ರಸೀದಿ ಕೇಳಿ ಪಡೆಯಬೇಕು. ‘ಲೈಸೆನ್ಸ್ ಬೇಡ’ ಎಂಬ ಬಾಯಿಮಾತು ಸಾಲದು. 500 ಅಥವಾ 750 ವ್ಯಾಟಿನ ಕಿಟ್ ಹಾಕಿಸಿದರೆ ಅದು ನೋಂದಣಿಯಿಲ್ಲದ ಮೋಟಾರು ವಾಹನವೇ ಆಗುತ್ತದೆ. ಅಪಘಾತವಾದಲ್ಲಿ ಅದರ ಹೊಣೆ ಸವಾರನ ಮೇಲೆಯೇ ಬೀಳುತ್ತದೆ. ಹೆಲ್ಮೆಟ್ ಮತ್ತು ರಾತ್ರಿ ಸವಾರಿಗೆ ದೀಪ ಇರುವುದು ಯಾವಾಗಲೂ ಕ್ಷೇಮಕರ.

ದಿನಕ್ಕೆ 10 ಕಿ.ಮೀ.ಗಿಂತ ಹೆಚ್ಚು ಓಡಾಟ, ಗಟ್ಟಿ ಫೋರ್ಕ್, ಎರಡೂ ಕಡೆ ಒಳ್ಳೆಯ ಬ್ರೇಕ್ ಮತ್ತು ಖಾತರಿಯುಳ್ಳ ಬ್ಯಾಟರಿ, ಈ ನಾಲ್ಕೂ ಕೂಡಿದಲ್ಲಿ ರೈತ ಬಾಂಧವರು ಕಿಟ್ ಅಳವಡಿಸಿಕೊಳ್ಳಬಹುದು. ಇವುಗಳಲ್ಲಿ ಒಂದು ಕೊರತೆಯಿದ್ದರೂ ಮೊದಲು ಅದನ್ನು ಸರಿಪಡಿಸಿ, ಆನಂತರ ಕಿಟ್ ವಿಚಾರ ಮಾಡುವುದು ಸೂಕ್ತ.