ಪಿಕಪ್ ಗಾಡಿಯ ಟೈರಿಗೆ ಎಷ್ಟು ಗಾಳಿ?

ಕೊಯ್ಲಿನ ದಿನಗಳಲ್ಲಿ ನಮ್ಮ ಸದಸ್ಯರ ಪಿಕಪ್ ಗಾಡಿಗಳು ಬೆಳಿಗ್ಗೆ ಖಾಲಿ ಹೋಗಿ, ಸಂಜೆ ಚೀಲದ ಮೇಲೆ ಚೀಲ ಪೇರಿಸಿಕೊಂಡು ಬರುತ್ತವೆ. ಗಾಳಿಯ ವಿಚಾರ ಕೇಳಿದರೆ ‘ನಾಲ್ಕಕ್ಕೂ ಒಂದೇ ಸಮ ಹೊಡೆಸಿದ್ದೇವೆ’ ಎನ್ನುವವರೇ ಹೆಚ್ಚು. ಕಾರಿಗೆ ಇದು ಹೇಗೋ ನಡೆದೀತು. ಹೇರು ಹೊರುವ ಗಾಡಿಗೆ ಸಲ್ಲದು.

ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಅದು ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಕಾವು ಹೆಚ್ಚಿ ಒಳಪದರಗಳು ಬಿಟ್ಟುಕೊಂಡರೆ ಟೈರು ಒಡೆಯುತ್ತದೆ. ಹೇರು ತುಂಬಿ ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವಾಗ ಬ್ರೇಕಿನ ಕಾವೂ ಚಕ್ರಕ್ಕೆ ಸೇರುತ್ತದೆ. ಅಂಥ ತಿರುವಿನಲ್ಲಿ ಹಿಂದಿನ ಟೈರು ಹೋದರೆ ನಷ್ಟ ಟೈರಿನದು ಮಾತ್ರವಲ್ಲ, ಗಾಡಿಯಲ್ಲಿರುವವರ ಜೀವದ ಪ್ರಶ್ನೆ. ಗಾಳಿ ಅತಿಯಾದರೂ ತೊಂದರೆಯೇ: ಖಾಲಿ ಗಾಡಿ ಕುಪ್ಪಳಿಸುತ್ತದೆ, ಟೈರಿನ ನಡುಭಾಗ ಮಾತ್ರ ಸವೆಯುತ್ತದೆ, ಮಳೆಯಲ್ಲಿ ಹಿಡಿತ ತಪ್ಪುತ್ತದೆ.

ಸರಿಯಾದ ಅಂಕಿಯನ್ನು ಚಾಲಕನ ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿ ಇಲ್ಲವೇ ಗಾಡಿಯ ಕೈಪಿಡಿಯಲ್ಲಿ ನೋಡಿ. ಮುಂದಿನ ಚಕ್ರಕ್ಕೆ ಬೇರೆ, ಹಿಂದಿನದಕ್ಕೆ ಬೇರೆ ಅಂಕಿ ಇರುವುದುಂಟು. ಖಾಲಿ ಗಾಡಿಗೊಂದು, ತುಂಬಿದ ಗಾಡಿಗೊಂದು ಕೊಟ್ಟಿದ್ದರೆ ಅದರಂತೆ ನಡೆಯಿರಿ. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿದ ಗರಿಷ್ಠ ಅಂಕಿ ಟೈರಿನ ಮಿತಿಯೇ ಹೊರತು ನಿಮ್ಮ ಗಾಡಿಗೆ ಹೇಳಿದ್ದಲ್ಲ.

ಹೇರಿನ ಅಂದಾಜೂ ಸರಿಯಿರಬೇಕು. 50 ಕಿಲೋದ 20 ಚೀಲ ಗೊಬ್ಬರವೆಂದರೆ ಒಂದು ಟನ್. (ಯೂರಿಯಾ ಚೀಲ 2018ರಿಂದ 45 ಕಿಲೋ ಆಗಿದೆ, ಬೆಲೆಯ ಲೆಕ್ಕ ಹಾಕುವಾಗ ನೆನಪಾಗುವಷ್ಟು ಹೇರಿನ ಲೆಕ್ಕದಲ್ಲಿ ಅದು ನೆನಪಾಗುವುದಿಲ್ಲ!) ಒಣಗಿದ ಚಾಲಿಗಿಂತ ಹಸಿ ಅಡಿಕೆ, ಪಾರ್ಚ್‌ಮೆಂಟಿಗಿಂತ ಕುಯ್ದ ಹಣ್ಣು ಕಣ್ಣಂದಾಜಿಗೆ ಮೋಸ ಮಾಡುತ್ತವೆ. ಒಮ್ಮೆ ತುಂಬಿದ ಗಾಡಿಯನ್ನು ವೇಬ್ರಿಡ್ಜಿಗೆ ಒಯ್ದು ಹಿಂದಿನ ಚಕ್ರಗಳನ್ನಷ್ಟೇ ಹತ್ತಿಸಿ ತೂಗಿಸಿ. ಬಂದ ತೂಕದ ಅರ್ಧ ಒಂದು ಟೈರಿನ ಪಾಲು. ಟೈರಿನ ಅಳತೆಯ ಪಕ್ಕದಲ್ಲಿ ಭಾರದ ಸಂಕೇತವಿರುತ್ತದೆ. 100 ಎಂದಿದ್ದರೆ ಆ ಟೈರು ಹೊರಬಲ್ಲದ್ದು 800 ಕಿಲೋ, 112 ಎಂದಿದ್ದರೆ 1120 ಕಿಲೋ. ಮಿತಿ ಮೀರಿದ್ದರೆ ಚೀಲ ಇಳಿಸಬೇಕು. ಗಾಳಿ ಹೆಚ್ಚಿಸಿದ ಮಾತ್ರಕ್ಕೆ ಪಟ್ಟಿ, ಆಕ್ಸಲ್, ಬ್ರೇಕುಗಳ ಶಕ್ತಿ ಹೆಚ್ಚುವುದಿಲ್ಲ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಓಡಿ ಬಿಸಿಯಾದ ಟೈರು ಹಲವು ಪೌಂಡು ಹೆಚ್ಚು ತೋರಿಸುತ್ತದೆ. ಹೆಚ್ಚಾಯಿತೆಂದು ಆಗ ಬಿಟ್ಟುಬಿಟ್ಟರೆ ಆರಿದ ಮೇಲೆ ಗಾಳಿ ಸಾಲದು. ಕೆಸರಿನಲ್ಲಿ ಹಿಡಿತಕ್ಕೆಂದು ಗಾಳಿ ಇಳಿಸುವ ಅಭ್ಯಾಸವುಳ್ಳವರು ಡಾಂಬರಿಗೆ ಬರುವ ಮೊದಲು, ಹೇರು ಹಾಕುವ ಮೊದಲಂತೂ ಖಂಡಿತ, ಮತ್ತೆ ತುಂಬಿಸಬೇಕು.

ಸವೆತವನ್ನೂ ಗಮನಿಸಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅದು ಗಾಳಿಯ ದೋಷವಲ್ಲ, ಚಕ್ರದ ಅಲೈನ್‌ಮೆಂಟ್ ನೋಡಿಸಿ.

ಬಂಕಿನ ಮೀಟರುಗಳು ಒಂದಕ್ಕೊಂದು ಹೊಂದುವುದು ಅಪರೂಪ. ನಿಮ್ಮದೇ ಒಂದು ಗೇಜು ಗಾಡಿಯಲ್ಲಿರಲಿ. ಕೊಯ್ಲು ಮುಗಿಯುವವರೆಗೆ ವಾರಕ್ಕೊಮ್ಮೆ, ಉಳಿದಂತೆ ಹದಿನೈದು ದಿನಕ್ಕೊಮ್ಮೆ ಹಿಡಿದು ನೋಡಿ. ಸ್ಟೆಪ್ನಿಗೂ ಅಷ್ಟೆ, ಅದರಲ್ಲಿ ಹಿಂದಿನ ಚಕ್ರಕ್ಕೆ ಬೇಕಾಗುವಷ್ಟು ಗಾಳಿ ಇಟ್ಟಿರಿ. ಮುಂದಕ್ಕೆ ಹಾಕಬೇಕಾಗಿ ಬಂದರೆ ಬಿಡುವುದು ಸುಲಭ, ಘಾಟಿಯ ನಡುವೆ ತುಂಬುವುದು ಕಷ್ಟ.